ಕೋಲಾರದಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವವರಿಗೆ: ಬೆಂಗಳೂರಿನ ಯಾವ ಬಡಾವಣೆಯನ್ನು ನಡೆದು ನೋಡಬೇಕು?

ಕೋಲಾರ ಜಿಲ್ಲೆಯವರಾದ ನಾವು ಬೆಂಗಳೂರಿಗೆ ಹೋಗದ ತಿಂಗಳಿಲ್ಲ. ಆದರೆ ಹೋದಾಗಲೆಲ್ಲ ಆಸ್ಪತ್ರೆ, ಕೋರ್ಟು, ಕಾಲೇಜಿನ ಸೀಟು, ಮದುವೆ ಜವಳಿ ಎಂದು ಯಾವುದಾದರೊಂದು ಕೆಲಸ ಕೊರಳಿಗೆ ಬಿದ್ದಿರುತ್ತದೆ. ಕೆಲಸ ಮುಗಿದೊಡನೆ ಬಸ್ಸು ಹಿಡಿಯುವ ಆತುರ. ಹೀಗಾಗಿ ಆ ಊರಿನ ಆಸ್ಪತ್ರೆಗಳ ಲಿಫ್ಟುಗಳು ನಮಗೆ ಗೊತ್ತು, ಬೀದಿಗಳು ಗೊತ್ತಿಲ್ಲ. ಈಗ ಮೊಬೈಲಿನಲ್ಲಿ ಇಂದಿರಾನಗರದ ಕೆಫೆಗಳನ್ನೂ ಚರ್ಚ್ ಸ್ಟ್ರೀಟಿನ ದೀಪಗಳನ್ನೂ ನೋಡಿದ ಮನೆಯ ಹುಡುಗರು, ಒಂದು ದಿನ ಸುಮ್ಮನೆ ಸುತ್ತಾಡಲೆಂದೇ ಹೋಗೋಣ ಎನ್ನುತ್ತಿದ್ದಾರೆ. ಹಾಗೆ ಹೋಗುವುದಾದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಲು ನೆರವಾಗಲೆಂದು, ನಡೆದು ನೋಡಲು ಯೋಗ್ಯವೆಂದು ಹೆಸರಾದ ನಾಲ್ಕು ಕಡೆಗಳನ್ನು ಇಲ್ಲಿ ಹೋಲಿಸಿದ್ದೇನೆ: ಇಂದಿರಾನಗರ, ಚರ್ಚ್ ಸ್ಟ್ರೀಟ್, ಮಲ್ಲೇಶ್ವರ ಮತ್ತು ಬಸವನಗುಡಿ. ಐದನೆಯದಾಗಿ, ಯಾರೂ ಕೇಳದಿದ್ದರೂ ಹಲಸೂರನ್ನು ಸೇರಿಸಿದ್ದೇನೆ. ಕಾರಣ ಮುಂದೆ ತಿಳಿಯುತ್ತದೆ.

ಇಂಥ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ಅಂಗಡಿಗಳೆಷ್ಟು, ತಿನಿಸು ಹೇಗೆ, ಫೋಟೋ ಚೆನ್ನಾಗಿ ಬರುತ್ತದೆಯೇ ಎಂದು ಅಳೆಯುತ್ತಾರೆ. ಆ ಅಳತೆ ಬೆಂಗಳೂರಿನಲ್ಲಿಯೇ ಇರುವವರಿಗೆ ಅಥವಾ ಅಲ್ಲಿ ರಾತ್ರಿ ತಂಗುವವರಿಗೆ ಸರಿಹೋಗಬಹುದು. ನಮ್ಮ ಲೆಕ್ಕ ಬೇರೆ. ಕೋಲಾರದಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರಿಗೆ ತುಸು ಕಡಿಮೆ ದೂರವಿದ್ದರೂ, ನರಸಾಪುರದ ಕಾರ್ಖಾನೆಗಳ ಶಿಫ್ಟ್ ವಾಹನಗಳು, ಹೊಸಕೋಟೆಯ ದಟ್ಟಣೆ, ಕೆ.ಆರ್. ಪುರದ ಬಳಿ ಆಮೆನಡಿಗೆ ಎಲ್ಲ ಸೇರಿ ಎರಡು ಗಂಟೆ ಹಿಡಿಯುವುದು ಅಪರೂಪವೇನಲ್ಲ. ಬೆಳಿಗ್ಗೆ ಏಳಕ್ಕೆ ಹೊರಟವರು ಒಂಬತ್ತೂವರೆಗೆ ಮೆಟ್ರೊ ಹತ್ತಿದರೆ ಪುಣ್ಯ. ಸಂಜೆ ಕೋಲಾರಕ್ಕೆ ಬಂದ ಮೇಲೆ ಮುಳಬಾಗಿಲು, ಶ್ರೀನಿವಾಸಪುರ ಅಥವಾ ಒಳಗಿನ ಹಳ್ಳಿಗಳಿಗೆ ಮತ್ತೊಂದು ಬಸ್ಸು ಹಿಡಿಯಬೇಕಾದವರು ಆರರೊಳಗೆ ಬೆಂಗಳೂರು ಬಿಡಲೇಬೇಕು. ಅಂದರೆ ಹತ್ತರಿಂದ ಐದೂವರೆಯವರೆಗಿನ ಹೊತ್ತು ಮಾತ್ರ ನಮ್ಮದು. ಪ್ರತಿಯೊಂದು ಬಡಾವಣೆಗೂ ಅದು ಚೆನ್ನಾಗಿ ಕಾಣುವ ಹೊತ್ತೊಂದಿರುತ್ತದೆ. ಆ ಹೊತ್ತು ನಮ್ಮ ಹೊತ್ತಿಗೆ ಹೊಂದುತ್ತದೆಯೇ ಎಂಬುದೇ ನನ್ನ ಮೊದಲ ಪ್ರಶ್ನೆ. ನೆರಳು, ಪಾದಚಾರಿ ಮಾರ್ಗ, ಕೂರುವ ಜಾಗ, ಶೌಚಾಲಯ ಇವೆಲ್ಲ ಆಮೇಲೆ ಬರುತ್ತವೆ, ಆದರೆ ಬಂದೇ ಬರುತ್ತವೆ.

ತಲುಪುವ ದಾರಿ

2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರ ನಡುವಣ ಮೆಟ್ರೊ ತುಂಡು ಸೇರಿಕೊಂಡ ಮೇಲೆ ನಮ್ಮ ಕಡೆಯವರ ಬೆಂಗಳೂರು ಪ್ರಯಾಣದ ಸ್ವರೂಪವೇ ಬದಲಾಯಿತು. ಅದಕ್ಕೆ ಮುಂಚೆ ಬಸ್ಸಿನಲ್ಲಿಯೇ ಮೆಜೆಸ್ಟಿಕ್‌ವರೆಗೆ ತೆವಳಬೇಕಿತ್ತು. ಈಗ ಕೆ.ಆರ್. ಪುರದಲ್ಲಿಯೋ, ತೂಗುಸೇತುವೆ ದಾಟಿ ಟಿನ್ ಫ್ಯಾಕ್ಟರಿಯ ಬಳಿ ಬೆನ್ನಿಗಾನಹಳ್ಳಿ ನಿಲ್ದಾಣದ ಹತ್ತಿರವೋ ಬಸ್ಸಿಳಿದು ನೇರಳೆ ಮಾರ್ಗ ಹಿಡಿಯಬಹುದು. ಬಂಗಾರಪೇಟೆ, ಮಾಲೂರು, ಕೆ.ಜಿ.ಎಫ್. ಕಡೆಯವರಿಗೆ ಇನ್ನೂ ಸುಲಭ: ಕೃಷ್ಣರಾಜಪುರದಲ್ಲಿ ರೈಲಿಳಿದರೆ ಮೆಟ್ರೊ ನಿಲ್ದಾಣ ಪಕ್ಕದಲ್ಲೇ ಇದೆ.

ಕೆ.ಆರ್. ಪುರದಿಂದ ಎಣಿಸಿದರೆ ಇಂದಿರಾನಗರ ನಾಲ್ಕನೆಯ ನಿಲ್ದಾಣ, ಹಲಸೂರು ಐದನೆಯದು, ಎಂ.ಜಿ. ರಸ್ತೆ ಏಳನೆಯದು, ಮೆಜೆಸ್ಟಿಕ್ ಹನ್ನೊಂದನೆಯದು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮಲ್ಲೇಶ್ವರದ ಬಾಗಿಲಾದ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣ ಒಂದೇ ಹೆಜ್ಜೆ. ಇನ್ನೊಂದು ದಿಕ್ಕಿಗೆ ಬಸವನಗುಡಿಯ ನ್ಯಾಷನಲ್ ಕಾಲೇಜು ಮೂರನೆಯ ನಿಲ್ದಾಣ, ಲಾಲ್‌ಬಾಗ್ ನಾಲ್ಕನೆಯದು. ಸಮಯದಲ್ಲಿ ಹೇಳುವುದಾದರೆ, ಇಂದಿರಾನಗರಕ್ಕೆ ಹತ್ತು ನಿಮಿಷದ ಆಸುಪಾಸು ಸಾಕು; ಬಸವನಗುಡಿಗೆ ಮಾರ್ಗ ಬದಲಾವಣೆಯ ನಡಿಗೆಯೂ ಸೇರಿ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲ.

ಹಣದ ಮಾತು ಇಲ್ಲಿ ಅಡಗಿದೆ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿದ ಬಳಿಕ ನಾಲ್ಕು ಜನರ ಕುಟುಂಬಕ್ಕೆ ಹೋಗಿ ಬರುವ ಟಿಕೆಟ್ಟೇ ಒಂದು ಊಟದ ಖರ್ಚಾಗುತ್ತದೆ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಿರುವುದರಿಂದ, ಹೆಂಗಸರೇ ಗುಂಪುಕಟ್ಟಿಕೊಂಡು ಹೋಗುವುದಾದರೆ ಮೆಜೆಸ್ಟಿಕ್‌ವರೆಗೂ ಬಸ್ಸಿನಲ್ಲಿಯೇ ಹೋಗಿ ಅಲ್ಲಿಂದ ಮಲ್ಲೇಶ್ವರಕ್ಕೋ ಬಸವನಗುಡಿಗೋ ಬಿ.ಎಂ.ಟಿ.ಸಿ. ಹಿಡಿದರೆ ದಿನದ ಪ್ರಯಾಣವೆಲ್ಲ ಪುಕ್ಕಟೆ. ಅದಕ್ಕೆ ತೆರಬೇಕಾದ ಬೆಲೆ ಸಮಯ ಮಾತ್ರ.

ಇಂದಿರಾನಗರ: ಹೆಸರು ದೊಡ್ಡದು, ಹಗಲು ಚಿಕ್ಕದು

ಸದ್ಯಕ್ಕೆ ಅತ್ಯಂತ ಬೇಡಿಕೆಯಲ್ಲಿರುವ ಬಡಾವಣೆ ಇದೇ ಎಂಬುದರಲ್ಲಿ ಅನುಮಾನವಿಲ್ಲ. ನೂರಡಿ ರಸ್ತೆ ಮತ್ತು ಹನ್ನೆರಡನೆಯ ಮುಖ್ಯರಸ್ತೆಯುದ್ದಕ್ಕೂ ಬಟ್ಟೆಯ ದುಬಾರಿ ಮಳಿಗೆಗಳು, ಕೆಫೆಗಳು, ಬಿಯರ್ ತಯಾರಿಸಿ ಅಲ್ಲಿಯೇ ಬಡಿಸುವ ಪಬ್‌ಗಳು ಸಾಲುಗಟ್ಟಿವೆ. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮೊಟ್ಟಮೊದಲ ಮೆಟ್ರೊ ಓಡಿದ್ದು ಈ ಬಡಾವಣೆಯ ಮೂಲಕವೇ ಆದ್ದರಿಂದ ತಲುಪುವುದೂ ಸುಲಭ. ನಮ್ಮ ಕಡೆಯಿಂದ ಹೋಗುವವರಿಗಂತೂ ನಾಲ್ಕರಲ್ಲಿ ಅತಿ ಹತ್ತಿರದ್ದು ಇದು.

ಇಷ್ಟಾದರೂ ಒಂದು ದಿನದ ಕಾಲ್ನಡಿಗೆಗೆ ನಾನು ಇದನ್ನು ಕೊನೆಯ ಸ್ಥಾನದಲ್ಲಿಡುತ್ತೇನೆ. ಇಂದಿರಾನಗರ ವಾಸಕ್ಕೆಂದು ರೂಪುಗೊಂಡ ಬಡಾವಣೆ. ಮನೆಗಳು ಒಂದೊಂದಾಗಿ ಅಂಗಡಿಗಳಾದವು. ಆದ್ದರಿಂದ ಇಲ್ಲಿ ನೋಡಬೇಕಾದದ್ದೆಲ್ಲ ಕಟ್ಟಡದ ಒಳಗಿದೆ, ಬೀದಿಯಲ್ಲಿ ಇಲ್ಲ. ಒಳಗೆ ಹೋಗಬೇಕಾದರೆ ಏನನ್ನಾದರೂ ಕೊಳ್ಳಬೇಕು, ಕುಡಿಯಬೇಕು ಅಥವಾ ತಿನ್ನಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ಬಹುತೇಕ ಮಳಿಗೆಗಳು ಷಟರ್ ಎತ್ತುವುದಿಲ್ಲ. ಜನ ಸೇರುವುದು, ದೀಪ ಹೊತ್ತುವುದು, ಬೀದಿಗೆ ಕಳೆ ಬರುವುದು ಸಂಜೆ ಏಳರ ಮೇಲೆ, ಅಂದರೆ ನಾವು ಹೊಸಕೋಟೆ ದಾಟಿರುವ ಹೊತ್ತಿಗೆ. ಮಧ್ಯಾಹ್ನದ ನೂರಡಿ ರಸ್ತೆಯೆಂದರೆ ಬಿಸಿಲು, ವಾಹನ ಮತ್ತು ಪಾದಚಾರಿ ಮಾರ್ಗದ ಮೇಲೆ ನಿಲ್ಲಿಸಿದ ಸ್ಕೂಟರುಗಳು.

ಹಟ ಹಿಡಿದು ಹೋಗುವವರು ನೂರಡಿ ರಸ್ತೆಯನ್ನು ಅಡ್ಡಹಾಯ್ದು ಡಿಫೆನ್ಸ್ ಕಾಲೊನಿಯ ಒಳರಸ್ತೆಗಳಿಗೆ ನುಗ್ಗುವುದು ಒಳಿತು. ಮರಗಳು ಇನ್ನೂ ಉಳಿದಿರುವ, ಹಳೆಯ ಬಂಗಲೆಗಳು ಅಲ್ಲಲ್ಲಿ ಕಾಣುವ ಈ ಬೀದಿಗಳಲ್ಲಿ ಮಧ್ಯಾಹ್ನವೂ ನಡೆಯಬಹುದು. ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ರಾತ್ರಿ ಉಳಿಯುವ ಅನುಕೂಲವಿದ್ದವರಿಗೆ ಮಾತ್ರ ನನ್ನ ತೀರ್ಪು ತಿರುಗುಮುರುಗಾಗುತ್ತದೆ: ಸಂಜೆ ಆರರಿಂದ ಹತ್ತರವರೆಗೆ ಈ ನಾಲ್ಕರಲ್ಲಿ ಇಂದಿರಾನಗರಕ್ಕೆ ಸಾಟಿಯಿಲ್ಲ.

ಹಲಸೂರು: ಪಕ್ಕದ ನಿಲ್ದಾಣ

ಇಂದಿರಾನಗರದಿಂದ ಒಂದೇ ನಿಲ್ದಾಣ ಮುಂದಿರುವ ಹಲಸೂರು ಯಾವ ಫ್ಯಾಷನ್ ಪಟ್ಟಿಯಲ್ಲೂ ಇಲ್ಲ. ಆದರೂ ಕೋಲಾರದವರು ಇಲ್ಲಿ ಇಳಿಯಲು ವಿಶೇಷ ಕಾರಣವಿದೆ. ನಮ್ಮ ಊರಿನ ಸೋಮೇಶ್ವರ ದೇವಾಲಯದ ಕಲ್ಯಾಣಮಂಟಪದ ಕಂಬಗಳನ್ನು ನೋಡಿ ಬೆಳೆದವರಿಗೆ ಹಲಸೂರಿನ ಸೋಮೇಶ್ವರ ದೇವಾಲಯ ದಾಯಾದಿಯಂತೆ ಕಾಣುತ್ತದೆ: ಅದೇ ದೇವರ ಹೆಸರು, ಅದೇ ವಿಜಯನಗರ ಕಾಲದ ಕೈ, ಅದೇ ಎತ್ತರದ ಗೋಪುರ. ಇಲ್ಲಿನ ಗೋಡೆ ಮತ್ತು ಕಂಬಗಳ ಮೇಲೆ ಕೈಲಾಸವನ್ನೆತ್ತುವ ರಾವಣನನ್ನೂ ಗಿರಿಜಾಕಲ್ಯಾಣವನ್ನೂ ಕೆತ್ತಿದ್ದಾರೆ. ಎರಡೂ ಗುಡಿಗಳ ಕಂಬಗಳ ಯಾಳಿಗಳನ್ನು, ಅಂದರೆ ಸಿಂಹದಂಥ ಕಾಲ್ಪನಿಕ ಮೃಗಗಳ ಕೆತ್ತನೆಗಳನ್ನು, ಹೋಲಿಸಿ ನೋಡಿದರೆ, ಸೂಕ್ಷ್ಮತೆಯಲ್ಲಿ ಕೋಲಾರದ ಕೆಲಸವೇ ಒಂದು ಕೈ ಮೇಲು ಎಂದು ನನಗೆ ಅನಿಸಿದೆ. ಊರಭಿಮಾನ ಎಂದು ಯಾರಾದರೂ ಅಂದರೆ ಒಪ್ಪಿಕೊಳ್ಳುತ್ತೇನೆ.

ದೇವಾಲಯದ ಸುತ್ತಲಿನ ಬಜಾರ್ ಬೀದಿ ಇಕ್ಕಟ್ಟಾಗಿದೆ. ಹೂವು, ಪಾತ್ರೆ, ಪೂಜಾಸಾಮಗ್ರಿಗಳ ಅಂಗಡಿಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಉಸಿರಿನಲ್ಲಿ ಕೇಳಿಸುತ್ತವೆ. ಮನೆಯಲ್ಲೊಂದು ಬೀದಿಯಲ್ಲೊಂದು ಭಾಷೆ ಆಡುವ ನಮ್ಮ ಜಿಲ್ಲೆಯವರಿಗೆ ಇದು ಪರಕೀಯವೆನಿಸುವುದಿಲ್ಲ. ಗುಡಿಯ ಬಾಗಿಲು ಮಧ್ಯಾಹ್ನ ಮುಚ್ಚುವುದರಿಂದ ಹತ್ತೂವರೆಗೆ ಮುಂಚೆ ಹೋಗಿ, ಒಂದು ಗಂಟೆ ಕಳೆದು, ಮುಂದಕ್ಕೆ ಎಂ.ಜಿ. ರಸ್ತೆಗೆ ಸಾಗುವುದು ಸರಿ. ಹಲಸೂರನ್ನೇ ಗುರಿಯಾಗಿಟ್ಟುಕೊಂಡು ಇಡೀ ದಿನ ಇಲ್ಲಿ ಕಳೆಯುವಷ್ಟು ಇಲ್ಲ.

ಚರ್ಚ್ ಸ್ಟ್ರೀಟ್: ಅರ್ಧ ದಿನಕ್ಕೆ ಅಳೆದಿಟ್ಟಂತೆ

ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ, ಎಂ.ಜಿ. ರಸ್ತೆಗೆ ಸಮಾನಾಂತರವಾಗಿರುವ ಈ ಬೀದಿಯ ಉದ್ದ ಒಂದು ಕಿಲೋಮೀಟರೂ ಇಲ್ಲ. ಡಾಂಬರು ಕಿತ್ತು ಕಲ್ಲು ಹಾಸಿ 2018ರಲ್ಲಿ ಮತ್ತೆ ತೆರೆದ ಮೇಲೆ ಇಲ್ಲಿ ಪಾದಚಾರಿ ಮಾರ್ಗ ಅಗಲವಾಯಿತು, ವಾಹನಗಳು ಅದರ ಮೇಲೇರದಂತೆ ಗಿಡ್ಡ ಕಂಬಗಳು ಬಂದವು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳನ್ನು ಪೂರ್ತಿ ನಿಲ್ಲಿಸಿ ಪ್ರಯೋಗ ಮಾಡಿದರು. ಅದು ಉಳಿದಿದ್ದರೆ ಈ ಹೋಲಿಕೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಈಗ ಕಾರುಗಳು ಹರಿದಾಡುತ್ತವೆ. ಆದರೂ ವಯಸ್ಸಾದವರ ಕೈಹಿಡಿದು, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ನಿಶ್ಚಿಂತೆಯಾಗಿ ನಡೆಯಬಹುದಾದ ಕೆಲವೇ ಬೀದಿಗಳಲ್ಲಿ ಇದೊಂದು. ಎತ್ತರದ ಹಿಮ್ಮಡಿಯ ಚಪ್ಪಲಿ ಮಾತ್ರ ಕಲ್ಲುಗಳ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಚರ್ಚ್ ಸ್ಟ್ರೀಟಿನ ನಿಜವಾದ ಸಂಪತ್ತು ಪುಸ್ತಕದ ಅಂಗಡಿಗಳು. ಬ್ಲಾಸಮ್ ಮತ್ತು ಬುಕ್‌ವರ್ಮ್‌ಗಳಲ್ಲಿ ಹೊಸ ಪುಸ್ತಕಗಳ ಜೊತೆಗೆ ಓದಿ ಕೊಟ್ಟ ಹಳೆಯ ಪುಸ್ತಕಗಳೂ ಸಿಗುತ್ತವೆ. ಅಲ್ಲಿ ಕಪಾಟುಗಳು ಚಾವಣಿಯವರೆಗೆ ಏರಿವೆ. ಸಾಲುಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ನಿಂತು ದಾರಿ ಬಿಡಬೇಕು. ಹಳೆಯ ಪುಸ್ತಕದ ಹಾಳೆಯಲ್ಲಿ ಯಾರದೋ ಹೆಸರು, ಯಾವುದೋ ವರ್ಷದ ಹುಟ್ಟುಹಬ್ಬದ ಹಾರೈಕೆ ಶಾಯಿಯಲ್ಲಿ ಉಳಿದಿರುತ್ತದೆ. ಓದುವ ಹುಡುಗ ಹುಡುಗಿಯರನ್ನು ಇಲ್ಲಿ ಬಿಟ್ಟರೆ ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ, ಅಷ್ಟು ಹೊತ್ತು ಯಾರೂ ಎದ್ದು ಹೋಗಿ ಎನ್ನುವುದೂ ಇಲ್ಲ. ಪ್ರವೇಶಕ್ಕೆ ಖರ್ಚು ಮಾಡಬೇಕಾದ ಇಂದಿರಾನಗರಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು.

ಹತ್ತೂವರೆ ಹನ್ನೊಂದರ ಹೊತ್ತಿಗೆ ಬೀದಿ ತೆರೆದುಕೊಳ್ಳುತ್ತದೆ, ಮಧ್ಯಾಹ್ನ ಎರಡಕ್ಕೆ ನೋಡಿ ಮುಗಿಯುತ್ತದೆ. ಹಾಗಾಗಿ ಬೆಳಿಗ್ಗೆ ಯಾವುದೋ ಕೆಲಸಕ್ಕೆ ಬಂದು ಅರ್ಧ ದಿನ ಉಳಿಸಿಕೊಂಡವರಿಗೆ ಇದಕ್ಕಿಂತ ಸೂಕ್ತ ಆಯ್ಕೆ ಇಲ್ಲ. ಇಡೀ ದಿನ ಇರುವವರು ಹಲಸೂರಿನಿಂದ ಆರಂಭಿಸಿ ಚರ್ಚ್ ಸ್ಟ್ರೀಟಿನಲ್ಲಿ ಮಧ್ಯಾಹ್ನ ಕಳೆದು, ಸೇಂಟ್ ಮಾರ್ಕ್ಸ್ ರಸ್ತೆಯ ತುದಿಯಿಂದ ಕಬ್ಬನ್ ಉದ್ಯಾನಕ್ಕೆ ನಡೆದು ಹೋಗಬಹುದು. 1870ರಲ್ಲಿ ರೂಪುಗೊಂಡ ಆ ಉದ್ಯಾನದಲ್ಲಿ ಭಾನುವಾರ ವಾಹನಗಳಿಗೆ ಪ್ರವೇಶವಿಲ್ಲದ್ದರಿಂದ, ಈ ದಾರಿಗೆ ಭಾನುವಾರವೇ ಪ್ರಶಸ್ತ. ಮೂರೂ ಜಾಗಗಳು ಒಂದೇ ನೇರಳೆ ಮಾರ್ಗದಲ್ಲಿವೆ, ಎಲ್ಲಿ ಸುಸ್ತಾದರೂ ಅಲ್ಲಿಂದಲೇ ಹಿಂತಿರುಗಬಹುದು. ಊಟದ ವಿಷಯದಲ್ಲಿ ಮಾತ್ರ ಎಚ್ಚರ: ಸಾಧಾರಣ ದರದ ಸಸ್ಯಾಹಾರಿ ಊಟ ಇಲ್ಲಿ ಹುಡುಕಬೇಕಾಗುತ್ತದೆ. ಬುತ್ತಿ ಕಟ್ಟಿಕೊಂಡು ಹೋಗಿ ಉದ್ಯಾನದ ನೆರಳಿನಲ್ಲಿ ತಿನ್ನುವವರನ್ನು ಯಾರೂ ನೋಡಿ ನಗುವುದಿಲ್ಲ.

ಮಲ್ಲೇಶ್ವರ: ಕುಟುಂಬಕ್ಕೆ, ಕೊಳ್ಳುವವರಿಗೆ

ಮಲ್ಲೇಶ್ವರವೂ ಬಸವನಗುಡಿಯೂ 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬೆಳೆಸಿದ ಬಡಾವಣೆಗಳು. ಗಾಳಿ ಬೆಳಕು ಆಡಲೆಂದೇ ಹಾಕಿದ ನೇರ ರಸ್ತೆಗಳು, ಕ್ರಮವಾಗಿ ಎಣಿಸಬಹುದಾದ ಅಡ್ಡರಸ್ತೆಗಳು ಇವೆರಡಕ್ಕೂ ಸಾಮಾನ್ಯ. ಹೊಸಬರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ: ಮಲ್ಲೇಶ್ವರದಲ್ಲಿ ದಾರಿ ತಪ್ಪುವುದು ಕಷ್ಟ. ಸಂಪಿಗೆ ರಸ್ತೆ ಹಿಡಿದು ಮೇಲಕ್ಕೆ ಹೋದಂತೆ ಅಡ್ಡರಸ್ತೆಗಳ ಸಂಖ್ಯೆ ಏರುತ್ತದೆ, ಮಾರ್ಗೋಸಾ ರಸ್ತೆಯಲ್ಲಿ ಕೆಳಕ್ಕೆ ಬಂದಂತೆ ಇಳಿಯುತ್ತದೆ. ಮೆಟ್ರೊ ನಿಲ್ದಾಣದಿಂದ ಹದಿನೆಂಟನೆಯ ಅಡ್ಡರಸ್ತೆಯವರೆಗೆ ಎರಡು ಕಿಲೋಮೀಟರಿನ ಆಸುಪಾಸು.

ಎಂಟನೆಯ ಅಡ್ಡರಸ್ತೆಯ ಸುತ್ತಮುತ್ತ ಹೂವು, ಹಣ್ಣು, ಬಳೆ, ಸೀರೆ, ಪೂಜಾಸಾಮಗ್ರಿ, ಮಕ್ಕಳ ಬಟ್ಟೆ ಎಲ್ಲ ಸಿಗುತ್ತವೆ. ಹಬ್ಬದ ಹಿಂದಿನ ದಿನ ಕಾಲಿಡಲು ಜಾಗವಿರುವುದಿಲ್ಲ. ಏಳನೆಯ ಅಡ್ಡರಸ್ತೆಯ ಸಿ.ಟಿ.ಆರ್. ಬೆಣ್ಣೆದೋಸೆಗೂ, ಹದಿನೈದನೆಯದರ ಬಳಿಯ ವೀಣಾ ಸ್ಟೋರ್ಸ್ ಇಡ್ಲಿಗೂ ಹೆಸರಾಗಿವೆ. ಮುಳಬಾಗಿಲು ದೋಸೆ ತಿಂದು ಬೆಳೆದವರಿಗೆ ಬೆಂಗಳೂರಿನ ದೋಸೆಯ ಬಗ್ಗೆ ಉಪದೇಶ ಬೇಕಿಲ್ಲ. ಎರಡೂ ಬೇರೆ ಬೇರೆ ಜಾತಿ, ಹೋಲಿಸುವುದೇ ತಪ್ಪು. ಇದೇ ಮಾತಿನಲ್ಲಿ ಹೇಳಿಬಿಡುತ್ತೇನೆ, ಬೆಂಗಳೂರಿನ ಬೀದಿ ಬೀದಿಯಲ್ಲಿ ಬಂಗಾರಪೇಟೆ ಪಾನಿಪೂರಿ ಎಂಬ ಫಲಕ ಕಂಡು ನಿಲ್ಲುವ ನಮ್ಮವರಿದ್ದಾರೆ. ಅದನ್ನು ತಿನ್ನಲು ಅಷ್ಟು ದೂರ ಹೋಗಬೇಕೆ?

ಹದಿನೈದನೆಯ ಅಡ್ಡರಸ್ತೆಯ ಕಡೆಗಿರುವ ಕಾಡುಮಲ್ಲೇಶ್ವರ ದೇವಾಲಯ 17ನೇ ಶತಮಾನದ್ದು. ಶಿವಾಜಿಯ ಮಲಸಹೋದರ ವೆಂಕೋಜಿಯ ಹೆಸರು ಅದರ ಇತಿಹಾಸದೊಂದಿಗೆ ಸೇರಿಕೊಂಡಿದೆ. ಅದರ ಎದುರಿಗೇ ಇರುವ ನಂದಿತೀರ್ಥ, ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಹರಿಯುವ ಜಾಗ, 1990ರ ದಶಕದ ಕೊನೆಯವರೆಗೆ ಮಣ್ಣಿನಲ್ಲಿ ಹೂತುಹೋಗಿತ್ತು. ಅಂತರಗಂಗೆಯ ಬಸವನ ಬಾಯಿಂದ ಬರುವ ನೀರನ್ನು ಕುಡಿದು ಬೆಳೆದವರು ಇಲ್ಲಿ ಒಂದು ಕ್ಷಣ ನಿಲ್ಲದೆ ಇರಲಾರರು. ಅಲ್ಲಿಂದ ಮುಂದೆ, 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆ ಬೆಳಿಗ್ಗೆ ಮತ್ತು ಸಂಜೆ ಹೊತ್ತಿಗೆ ಸುಖವಾಗಿರುತ್ತದೆ. ಮಧ್ಯಾಹ್ನ ಹೋಗಿ ಪ್ರಯೋಜನವಿಲ್ಲ.

ಮಲ್ಲೇಶ್ವರದ ದೋಷ ಪಾದಚಾರಿ ಮಾರ್ಗ. ನೆರಳು ಧಾರಾಳವಾಗಿದೆ, ಆದರೆ ಆ ನೆರಳು ಕೊಡುವ ಮರದ ಬೇರು ಚಪ್ಪಡಿಯನ್ನು ಎತ್ತಿರುತ್ತದೆ, ಮುಂದೆ ಟ್ರಾನ್ಸ್‌ಫಾರ್ಮರ್, ಅದರಾಚೆ ಅಂಗಡಿಯ ಸಾಮಾನು. ಮಂಡಿನೋವಿನವರು ಸಂಪಿಗೆ ರಸ್ತೆಯುದ್ದಕ್ಕೂ ಹತ್ತಿ ಇಳಿಯುವ ಬದಲು ಆಟೋದಲ್ಲಿ ನೇರ ಹದಿನೈದನೆಯ ಅಡ್ಡರಸ್ತೆಗೆ ಹೋಗಿ ಕೆಳಮುಖವಾಗಿ ನಡೆದು ಬರಲಿ. ಬೆಳಿಗ್ಗೆ ಹತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಒಂದೇ ಸಮನೆ ಜೀವಂತವಾಗಿರುವುದು ಈ ಬಡಾವಣೆಯ ದೊಡ್ಡ ಗುಣ. ತಡವಾಗಿ ಹೊರಟವರಿಗೆ, ಬಸ್ಸು ಕೈಕೊಟ್ಟವರಿಗೆ ಮಲ್ಲೇಶ್ವರ ಯಾವತ್ತೂ ಮೋಸ ಮಾಡುವುದಿಲ್ಲ.

ಬಸವನಗುಡಿ: ಮೊದಲ ಬಸ್ಸು ಹಿಡಿಯುವವರಿಗೆ

ಒಂದನ್ನೇ ಆರಿಸಿ ಎಂದರೆ ನಾನು ಬಸವನಗುಡಿಯನ್ನು ಆರಿಸುತ್ತೇನೆ, ಆದರೆ ಒಂದು ಷರತ್ತಿನ ಮೇಲೆ: ಐದೂವರೆ ಆರರ ಬಸ್ಸಿಗೆ ಹೊರಟು ಒಂಬತ್ತರೊಳಗೆ ಅಲ್ಲಿರಬೇಕು. ಗಾಂಧಿ ಬಜಾರಿನ ಜೀವ ಬೆಳಗಿನಲ್ಲಿದೆ. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಅಲ್ಲಿಗೆ ಹದಿನೈದು ನಿಮಿಷದ ನಡಿಗೆ. ಮುಖ್ಯರಸ್ತೆಯನ್ನು ಇತ್ತೀಚಿನ ವರ್ಷಗಳಲ್ಲಿ ಪಾದಚಾರಿಗಳಿಗಾಗಿ ಮರುರೂಪಿಸಿ ಕಾಲುದಾರಿ ಅಗಲ ಮಾಡಿದ್ದಾರೆ. ಅದರ ಬದಿಯಲ್ಲಿ ಹೂವಿನವರು ಕೂತಿರುತ್ತಾರೆ. ಕನಕಾಂಬರದ ಮಾಲೆಯನ್ನು ಬೆರಳ ತುದಿಯಿಂದ ಮೊಣಕೈವರೆಗೆ ಎಳೆದು ಮೊಳ ಹಾಕುವಾಗ, ಕೊನೆಯ ಮೊಳಕ್ಕೆ ಕೈಯನ್ನು ತುಸು ಸಡಿಲ ಬಿಡುವ ಮಾರಾಟಗಾರ್ತಿಗೂ, ಮೊಳ ಗಿಡ್ಡವಾಯಿತು ಎನ್ನುವ ಗಿರಾಕಿಗೂ ನಡೆಯುವ ಮಾತು ಕೇಳಲು ಒಂದೆರಡು ನಿಮಿಷ ನಿಂತರೆ ನಷ್ಟವಿಲ್ಲ. ಹತ್ತೂವರೆ ಕಳೆದರೆ ಹೂವು ಬಾಡುತ್ತದೆ, ಮಾತೂ ಬಾಡುತ್ತದೆ.

1943ರಿಂದ ಇರುವ ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನುವುದು ಈ ನಡಿಗೆಯ ಒಂದು ಭಾಗವೇ ಆಗಿಹೋಗಿದೆ. ಪಂಚೆಯುಟ್ಟ ಮಾಣಿಗಳು ದೋಸೆ ತಟ್ಟೆಗಳನ್ನು ಒಂದರ ಮೇಲೊಂದರಂತೆ ತೋಳಿನುದ್ದಕ್ಕೂ ಪೇರಿಸಿಕೊಂಡು ಬರುವುದನ್ನು ನೋಡಲೆಂದೇ ಹೋಗುವವರಿದ್ದಾರೆ. ಶುಕ್ರವಾರ ರಜೆ, ವಾರದ ದಿನಗಳಲ್ಲಿ ಮಧ್ಯಾಹ್ನ ಕೆಲ ಹೊತ್ತು ಬಾಗಿಲು ಹಾಕಿರುತ್ತದೆ. ಭಾನುವಾರ ಹೆಸರು ಬರೆಸಿ ಹೊರಗೆ ಕಾಯುವುದಕ್ಕೇ ಮುಕ್ಕಾಲು ಗಂಟೆ ಹೋಗಬಹುದು, ಆದ್ದರಿಂದ ನಮ್ಮಂಥವರಿಗೆ ಮಂಗಳವಾರದಿಂದ ಗುರುವಾರದವರೆಗಿನ ದಿನಗಳೇ ಮೇಲು. ಕನ್ನಡ ಪುಸ್ತಕ ಬೇಕಾದವರಿಗೆ ಅದೇ ಬೀದಿಯಲ್ಲಿ ಅಂಕಿತ ಪುಸ್ತಕವಿದೆ. ಚರ್ಚ್ ಸ್ಟ್ರೀಟಿನ ಇಂಗ್ಲಿಷ್ ಪುಸ್ತಕ ಸಾಗರಕ್ಕೆ ಕನ್ನಡದ ಉತ್ತರ ಗಾತ್ರದಲ್ಲಿ ಸಣ್ಣದು, ಆಯ್ಕೆಯಲ್ಲಿ ಸಣ್ಣದಲ್ಲ.

ಇಲ್ಲಿಂದ ಮುಂದಿನ ದಾರಿಯಲ್ಲಿ ಕೋಲಾರದವರಿಗೆ ಹೆಜ್ಜೆ ಹೆಜ್ಜೆಗೂ ಸ್ವಂತದ್ದು ಸಿಗುತ್ತದೆ. ಗಾಂಧಿ ಬಜಾರಿಗೆ ಹೊಂದಿಕೊಂಡ ಡಿ.ವಿ.ಜಿ. ರಸ್ತೆಯ ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಬ್ಯೂಗಲ್ ರಾಕ್ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ. ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿ, ನರಸಿಂಹರಾಜ ಕಾಲೊನಿಯ ಕಡೆಗಿದೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬಾಳಿದ ಮನೆ ಗವಿಪುರದಲ್ಲಿದೆ. ಲಾಲ್‌ಬಾಗನ್ನು 1760ರಲ್ಲಿ ಆರಂಭಿಸಿದ ಹೈದರ್ ಅಲಿ ನಮ್ಮ ಬೂದಿಕೋಟೆಯವನು. ಅವನ ತಂದೆಯ ಸಮಾಧಿ ಕೋಲಾರ ಪಟ್ಟಣದಲ್ಲಿಯೇ ಇದೆ. ಕಾರ್ತಿಕದ ಕಡೆಯ ಸೋಮವಾರ ದೊಡ್ಡಬಸವನ ಮುಂದೆ ನಡೆಯುವ ಕಡಲೆಕಾಯಿ ಪರಿಷೆಗೆ ಕೋಲಾರ, ಚಿಂತಾಮಣಿ ಕಡೆಯಿಂದ ಮೂಟೆಗಳು ಇಳಿಯುತ್ತವೆ. ಶಾಲೆಯಲ್ಲಿ ಪಾಠವಾಗಿ ಓದಿದ್ದನ್ನು ಮಕ್ಕಳಿಗೆ ಬೀದಿಯಲ್ಲಿ ತೋರಿಸಬೇಕೆಂದಿದ್ದರೆ ಬೇರೆ ಬಡಾವಣೆಗಳನ್ನು ಹುಡುಕಬೇಕಿಲ್ಲ.

ದೊಡ್ಡಬಸವಣ್ಣನ ಗುಡಿಯನ್ನು ಕೆಂಪೇಗೌಡ 1537ರಲ್ಲಿ ಕಟ್ಟಿಸಿದನೆನ್ನುತ್ತಾರೆ. ಒಂದೇ ಬಂಡೆಯಲ್ಲಿ ಕಡೆದ ಬಸವನ ಎತ್ತರ ಸುಮಾರು 15 ಅಡಿ. ಪಕ್ಕದ ಬ್ಯೂಗಲ್ ರಾಕ್ ಬಂಡೆಗಳ ಮೇಲೆ, ಮರಗಳ ಕೆಳಗೆ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಕಾಲು ಚಾಚಿ ಕೂರಬಹುದು. ಈ ಐದೂ ಜಾಗಗಳ ಪೈಕಿ ಹಣ ಕೊಡದೆ ಇಷ್ಟು ನೆರಳಿನಲ್ಲಿ ಇಷ್ಟು ಹೊತ್ತು ಕೂರಬಹುದಾದದ್ದು ಇಲ್ಲಿ ಮತ್ತು ಕಬ್ಬನ್ ಉದ್ಯಾನದಲ್ಲಿ ಮಾತ್ರ. ಬಿಸಿಲು ಇಳಿದ ಮೇಲೆ ಲಾಲ್‌ಬಾಗಿನ ಕಡೆಗೆ ಹೊರಟು, 1889ರ ಗಾಜಿನ ಮನೆಯನ್ನೂ, ಅಂತರಗಂಗೆಯ ಬಂಡೆ ಹತ್ತಿ ಅಭ್ಯಾಸವಿರುವವರಿಗೆ ಒಂದೇ ಉಸಿರಿಗೆ ಮುಗಿಯುವ ಆ ಹಾಸುಬಂಡೆಯನ್ನೂ ನೋಡಿ, ಲಾಲ್‌ಬಾಗ್ ನಿಲ್ದಾಣದಲ್ಲಿಯೇ ಮೆಟ್ರೊ ಹತ್ತಬಹುದು. ಇಳಿದ ಕಡೆಯೇ ಹತ್ತಬೇಕಿಲ್ಲದ ದಾರಿ ಇದು, ಬಂದ ಬೀದಿಯನ್ನೇ ಮತ್ತೆ ತುಳಿಯಬೇಕಿಲ್ಲ. ಆದರೆ ಒಟ್ಟು ನಡಿಗೆ ಐದಾರು ಕಿಲೋಮೀಟರು ಆಗುತ್ತದೆ. ಸಣ್ಣ ಮಕ್ಕಳಿದ್ದರೆ ಲಾಲ್‌ಬಾಗನ್ನು ಕೈಬಿಡುವುದೇ ಲೇಸು, ಅದಕ್ಕೆ ಪ್ರತ್ಯೇಕ ದಿನವೇ ಬೇಕು.

ಯಾರು ಎಲ್ಲಿಗೆ

ಅಪ್ಪ ಅಮ್ಮನನ್ನು ಕರೆದೊಯ್ಯುವವರು, ಮನೆಗೆ ಏನಾದರೂ ಕೊಂಡು ತರಬೇಕಾದವರು, ಎಂಟು ಗಂಟೆಗೆ ಮುಂಚೆ ಮನೆ ಬಿಡಲಾಗದವರು ಮಲ್ಲೇಶ್ವರಕ್ಕೆ ಹೋಗಲಿ. ಬೇಗ ಏಳುವವರು, ಕನ್ನಡ ಓದುವವರು, ಮಕ್ಕಳಿಗೆ ಊರಿನ ನಂಟು ತೋರಿಸಬೇಕೆನ್ನುವವರು ಬಸವನಗುಡಿಗೆ. ಕಾಲೇಜಿನ ಹುಡುಗ ಹುಡುಗಿಯರಿಗೆ ಹಲಸೂರು, ಚರ್ಚ್ ಸ್ಟ್ರೀಟ್, ಕಬ್ಬನ್ ಉದ್ಯಾನದ ಒಂದೇ ಸಾಲು ಸಾಕು. ಅವರು ಇಂದಿರಾನಗರ ಎಂದು ಪಟ್ಟು ಹಿಡಿದರೆ ಡಿಫೆನ್ಸ್ ಕಾಲೊನಿಯಲ್ಲಿ ಒಂದು ಗಂಟೆ, ಒಂದು ಕಾಫಿ, ಆಮೇಲೆ ಮೆಟ್ರೊ ಎಂದು ರಾಜಿ ಮಾಡಿಕೊಳ್ಳಬಹುದು. ಗಾಲಿಕುರ್ಚಿ ಅಥವಾ ಊರುಗೋಲು ಬಳಸುವವರಿಗೆ ಚರ್ಚ್ ಸ್ಟ್ರೀಟನ್ನು ಬಿಟ್ಟು ಬೇರೆ ಯಾವುದನ್ನೂ ನಾನು ಹೇಳಲಾರೆ. ಮಳೆಗಾಲದಲ್ಲಿಯೂ ಅದೇ ಸರಿ, ಏಕೆಂದರೆ ಹನಿ ಬಿದ್ದೊಡನೆ ಒಳಹೊಕ್ಕು ನಿಲ್ಲಲು ಪುಸ್ತಕದಂಗಡಿಗಳಿವೆ. ಮಲ್ಲೇಶ್ವರದ ಎದ್ದ ಚಪ್ಪಡಿಗಳ ಕೆಳಗಿನ ಕೆಸರು ನೀರು ಮಾತ್ರ ಸೀರೆಯ ನಿರಿಗೆಯನ್ನು ಬಿಡುವುದಿಲ್ಲ.

ಶೌಚಾಲಯಕ್ಕೆ ಮೆಟ್ರೊ ನಿಲ್ದಾಣಗಳನ್ನೇ ನಂಬುವುದು ಕ್ಷೇಮ; ಇಳಿದ ಕೂಡಲೇ ಬಳಸಿಕೊಂಡು ಹೊರಡುವುದು ಜಾಣತನ, ಯಾಕೆಂದರೆ ಬಸವನಗುಡಿಯಲ್ಲಿಯೂ ಮಲ್ಲೇಶ್ವರದಲ್ಲಿಯೂ ನಿಲ್ದಾಣದಿಂದ ದೂರ ಹೋದಂತೆ ಹೋಟೆಲಿನವರ ದಾಕ್ಷಿಣ್ಯವೇ ಗತಿ. ನೀರಿನ ಬಾಟಲಿ ಮನೆಯಿಂದಲೇ ಇರಲಿ.

ಮರಳುವಾಗ ಸಂಜೆ ಐದರ ನಂತರ ಮೆಜೆಸ್ಟಿಕ್ ನಿಲ್ದಾಣದಲ್ಲಿ ಮಾರ್ಗ ಬದಲಾಯಿಸುವುದು ಕಷ್ಟ. ಕಚೇರಿ ಬಿಟ್ಟ ಜನರ ನಡುವೆ ಮೊದಲ ಗಾಡಿ ತಪ್ಪಬಹುದು, ಎರಡನೆಯದೂ ತಪ್ಪಬಹುದು. ಆದ್ದರಿಂದ ಬಸವನಗುಡಿ ಮತ್ತು ಮಲ್ಲೇಶ್ವರದಿಂದ ನಾಲ್ಕೂವರೆಗೇ ಹೊರಡಬೇಕು. ಚರ್ಚ್ ಸ್ಟ್ರೀಟಿನಿಂದ ಐದೂಕಾಲಾದರೂ ಪರವಾಗಿಲ್ಲ. ಟಿನ್ ಫ್ಯಾಕ್ಟರಿಯಲ್ಲಿ ಹತ್ತಿದರೆ ಮೆಜೆಸ್ಟಿಕ್‌ನಿಂದ ಬಂದ ಬಸ್ಸುಗಳಲ್ಲಿ ಸೀಟು ಸಿಗುವುದು ಅದೃಷ್ಟ. ಹೊಸಕೋಟೆಯಲ್ಲಿ ಕೆಲವರು ಇಳಿಯುತ್ತಾರೆ, ಅಲ್ಲಿಯವರೆಗೆ ನಿಲ್ಲಲು ಸಿದ್ಧರಿರಬೇಕು. ವಯಸ್ಸಾದವರು ಜೊತೆಗಿದ್ದರೆ ಮೆಜೆಸ್ಟಿಕ್‌ನಲ್ಲಿಯೇ ಕೂತು ಬರುವುದು ಒಂದು ಗಂಟೆ ಹೆಚ್ಚಾದರೂ ಸರಿಯೇ. ಬಂಗಾರಪೇಟೆ ಕಡೆಯವರು ಹೊರಡುವ ಮುಂಚೆಯೇ ಸಂಜೆಯ ರೈಲಿನ ವೇಳೆ ನೋಡಿಟ್ಟುಕೊಂಡು ದಿನವನ್ನು ಅದರಿಂದ ಹಿಂದಕ್ಕೆ ಎಣಿಸಿಕೊಂಡು ಬರಲಿ.